ಕೋವಿಯ ಪಾಲು

ಪೂವಮ್ಮನಿಗೆ ಸಿಟ್ಟು ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅವಳ ಒಲೆಗೆ. ಬೈಯುವ ಹೆಂಗಸಲ್ಲ ಅವಳು. ಸೌದೆಯನ್ನು ಒಲೆಯ ಬಾಯಿಗೆ ಎಂದಿಗಿಂತ ಒಂದು ಗೇಣು ಹೆಚ್ಚು ದೂಡಿದಳೆಂದರೆ, ಗುತ್ತಿಗಾರಿನ ಆ ಗುಡ್ಡದ ಬದಿಯಲ್ಲಿ ಯಾವನೋ ಒಬ್ಬ ಗಂಡಸು ತಪ್ಪು ಮಾಡಿದ್ದಾನೆಂದು ಅರ್ಥ. ಅಂಥವರಿಗೆ ಅಲ್ಲಿ ಎಂದೂ ಕೊರತೆ ಬೀಳದ ಕಾರಣ ಅವಳ ಒಲೆ ವರ್ಷವಿಡೀ ಚೆನ್ನಾಗಿ ಉರಿಯುತ್ತಿತ್ತು.

ಹುಟ್ಟಿದ್ದು ಕಾಣಿಯೂರಿನ ಹತ್ತಿರ. ಮದುವೆಯಾಗಿ ಬಂದದ್ದು ಕಾಡಿಗೆ ಬೆನ್ನು ಕೊಟ್ಟು ಕೂತ ಈ ಮನೆಗೆ. ಗಂಡ ವೆಂಕಪ್ಪ ಹಂದಿಗೆ ಗುರಿಯಿಟ್ಟರೆ ತಪ್ಪುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಚಳಿಜ್ವರ ಅವನಿಗೇ ಗುರಿಯಿಟ್ಟಿತು, ಅದೂ ತಪ್ಪಲಿಲ್ಲ. ಹೋಗುವಾಗ ಅವನು ಹೆಂಡತಿಗೆ ಬಿಟ್ಟುಹೋದದ್ದು ಒಂದಿಷ್ಟು ತೋಟ, ತೋಡಿನ ಆಚೆ ಬೇರೆ ಮನೆ ಮಾಡಿಕೊಂಡಿದ್ದ ತಮ್ಮ ಬೋಜಪ್ಪ, ಮತ್ತು ಒಂದು ಕೇಪಿನ ಕೋವಿ.

ಯಜಮಾನ ಸತ್ತನೆಂದು ಹಂದಿಗಳು ಸೂತಕ ಆಚರಿಸುವುದಿಲ್ಲ. ತೋಟಕ್ಕೆ ನುಗ್ಗುವುದನ್ನು ಅವು ಬಿಡಲಿಲ್ಲ, ಕೋವಿಯನ್ನು ಪೂವಮ್ಮ ಬಿಡಲಿಲ್ಲ. ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ವರ್ಷಕ್ಕೊಮ್ಮೆ ಕೋವಿಯನ್ನು ಹಳೆಯ ಚಾಪೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಪುತ್ತೂರಿಗೆ ಹೋಗಿ ಲೈಸೆನ್ಸ್ ಹೊಸದು ಮಾಡಿಸಿ ಬರುತ್ತಿದ್ದಳು. ಒಮ್ಮೆ ಅಲ್ಲಿನ ಗುಮಾಸ್ತರು ಕೇಳಿದರು:

"ಗುಂಡು ಹೊಡಿಯುದು ಯಾರು ಅಮ್ಮ?"

"ಮೈದುನ."

"ಹಾಗಾದ್ರೆ ಅವನ ಹೆಸರಿಗೇ ಮಾಡ್ಬಹುದಲ್ಲ?"

"ನಮ್ಮಲ್ಲಿಗೆ ಬಂದ್ರೆ ಊಟ ಮಾಡುದೂ ಅವನೇ. ಹಾಗಂತ ಅಡಿಗೆ ಕೋಣೆಯನ್ನು ಅವನ ಹೆಸರಿಗೆ ಮಾಡ್ಲಿಕ್ಕೆ ಆಗ್ತದಾ?"

ಗುಮಾಸ್ತರು ಸೀಲು ಒತ್ತಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಎತ್ತಿದವನು ಕುಕ್ಕಪ್ಪ. ವೆಂಕಪ್ಪನ ದೊಡ್ಡಪ್ಪನ ಮಗ, ಪೂವಮ್ಮನಿಗೆ ಭಾವ, ಊರಿನ ಬೇಟೆಗೆ ಹಿರಿಯ. ಹೆಂಗಸಿನ ಮನೆಯಲ್ಲಿ ಕೋವಿ ಯಾಕೆ, ನನ್ನ ಚಾವಡಿಯಲ್ಲಿ ನೇತುಹಾಕಿದರೆ ಆಗದೆ ಎಂದು ಅವನು ಕೇಳುವುದು, ಇಲ್ಲಿ ಆಣಿ ಗಟ್ಟಿ ಉಂಟು ಎಂದು ಇವಳು ಹೇಳುವುದು, ಇದು ಹಬ್ಬಕ್ಕೊಮ್ಮೆ ನಡೆಯುತ್ತಿತ್ತು.

ಆ ಊರಿನಲ್ಲಿ ಹಂದಿ ಬಿದ್ದರೆ ಪಾಲು ಮಾಡುವುದಕ್ಕೆ ಒಂದು ಕ್ರಮವಿದೆ. ತಲೆ ಬೇಟೆಯ ಹಿರಿಯನಿಗೆ. ಹಿಂದಿನ ತೊಡೆಯೊಂದು ಗುಂಡು ಹೊಡೆದವನಿಗೆ. ಬೆನ್ನಟ್ಟಿದ ನಾಯಿಗಳಿಗೆ ಒಂದು ಪಾಲು. ಕೋವಿ ಯಾರ ಮನೆಯದೋ ಆ ಮನೆಗೆ ಒಂದು ಮುಂಗಾಲು, ಹೆಗಲಿನ ಸಮೇತ. ಮಿಕ್ಕದ್ದನ್ನು ಬೇಟೆಗೆ ಗಂಡಸು ಬಂದ ಮನೆಗೆ ಒಂದರಂತೆ ಬಾಳೆಯೆಲೆಯ ಮೇಲೆ ಗುಪ್ಪೆ ಹಾಕುತ್ತಾರೆ. ಯಾವ ಗುಪ್ಪೆ ಯಾರಿಗೆ? ಅದನ್ನು ಹೇಳುವುದಕ್ಕೆ ಪಾಲಿಲ್ಲದವನೊಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹಿರಿಯ ಒಂದು ಗುಪ್ಪೆಗೆ ಕೋಲು ತಾಗಿಸಿ "ಇದು ಯಾರಿಗೆ?" ಎಂದು ಕೇಳಬೇಕು, ಅವನು ನೋಡದೆ ಒಂದು ಹೆಸರು ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಹಿಂದೊಮ್ಮೆ ಬರೀ ಎಲುಬು ಸಿಕ್ಕಿದವನೊಬ್ಬ ತಕರಾರು ತೆಗೆದಾಗ, "ತಿರುಗಿ ನಿಂತವನ ಬಾಯಿ ಅಂದ್ರೆ ದೇವರ ಬಾಯಿ, ಅದಕ್ಕೆ ತಿದ್ದುಪಡಿ ಇಲ್ಲ" ಎಂದು ತೀರ್ಪು ಕೊಟ್ಟವನು ಈ ಕುಕ್ಕಪ್ಪನೇ. ಮಾಂಸವೆಲ್ಲ ಆವತ್ತು ಅವನ ಎಲೆಯಲ್ಲಿತ್ತು.

ತಿರುಗಿ ನಿಲ್ಲುವ ಕೆಲಸ ಕೆಲವು ವರ್ಷಗಳಿಂದ ಸಾಹುಲ್ ಹಮೀದ್ ಬ್ಯಾರಿಗಳದ್ದು. ಕುಂಬ್ರದ ಕಡೆಯಿಂದ ಅಡಿಕೆ, ಕರಿಮೆಣಸು ಕೊಳ್ಳಲು ಬರುತ್ತಿದ್ದವರು. ಹಂದಿಯ ಪಾಲಿನಲ್ಲಿ ಇವರಷ್ಟು ನಿಷ್ಪಕ್ಷಪಾತಿ ಇಡೀ ತಾಲೂಕಿನಲ್ಲಿ ಬೇರೆ ಯಾರಿದ್ದಾರೆ? ಗಾಳಿ ಬರುವ ಬದಿಯಲ್ಲಿ, ದೂರದ ಮಾವಿನ ಮರದ ಕೆಳಗೆ ಕೊಡೆ ಊರಿಕೊಂಡು ಅವರು ಕಾಡಿಗೆ ಮುಖ ಮಾಡಿ ನಿಲ್ಲುತ್ತಿದ್ದರು. "ನೋಡ್ಲಿಕ್ಕಿಲ್ಲ ಅಂತ ನಿಮ್ಮ ಕ್ರಮ, ನೋಡುದು ಬೇಡ ಅಂತ ನಂದು. ಇಬ್ಬರಿಗೂ ಲಾಯ್ಕ ಆಯ್ತಲ್ಲ" ಎನ್ನುತ್ತಿದ್ದರು.

ಪೂವಮ್ಮನಿಗೆ ಬರುತ್ತಿದ್ದ ಆ ಮುಂಗಾಲಿನಲ್ಲಿ ಎರಡು ಜಾತಿಯ ಮಾಂಸವಿದೆ. ಕೆಳಗಿನ ಅರ್ಧ, ಮೊಣಕಾಲಿನ ಕಡೆಯದ್ದು, ನೋಡಲಿಕ್ಕೆ ದೊಡ್ಡದು. ಆದರೆ ಚರ್ಮ, ನರ, ಎಲುಬು ಎಲ್ಲ ಸೇರಿಯೇ ಆ ಗಾತ್ರ. ಸಾರಿಗೆ ಅಡ್ಡಿಯಿಲ್ಲ. ಹೊಗೆಗೆ ಕಟ್ಟಿದರೆ ಮಾತ್ರ ಎತ್ತಿನ ಗಾಡಿಯ ಹಗ್ಗವಾಗುತ್ತದೆ. ಮೇಲಿನ ಅರ್ಧ, ಕುತ್ತಿಗೆಯ ಬುಡದ್ದು, ರೂಪವಿಲ್ಲದ ಮುದ್ದೆ. ಆದರೆ ಅದರ ಒಳಗೆ ನೆಣ ಎಳೆಎಳೆಯಾಗಿ ಹರಿದಿರುತ್ತದೆ. ಉಪ್ಪು, ಅರಸಿನ, ಕರಿಮೆಣಸು, ಗಾಂಧಾರಿ ಮೆಣಸು ತಿಕ್ಕಿ, ಬೆತ್ತದ ಬಳ್ಳಿಯಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದಿಂದ ಇಳಿಬಿಟ್ಟರೆ, ಪೇರಳೆ ಸೌದೆ ಮತ್ತು ತೆಂಗಿನ ಸಿಪ್ಪೆಯ ಸಣ್ಣ ಹೊಗೆಗೆ ಆ ನೆಣ ಅವಸರವಿಲ್ಲದೆ ಇಳಿದು ಮಾಂಸವನ್ನು ಒಳಗಿನಿಂದಲೇ ಮೆತ್ತಗೆ ಮಾಡುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದನ್ನು ಇಳಿಸಿ, ಬೇಯಿಸಿ, ಬೆರಳಿನಿಂದ ಹಲಸಿನ ತೊಳೆ ಬಿಡಿಸಿದ ಹಾಗೆ ಎಳೆ ಬಿಡಿಸಿ, ತೆಂಗಿನೆಣ್ಣೆಯಲ್ಲಿ ನೀರುಳ್ಳಿಯ ಜತೆ ಹುರಿದು, ಬೇಟೆಗೆ ಬಂದ ಪ್ರತಿ ಮನೆಗೂ ಒಂದು ತಟ್ಟೆ ಕಳಿಸುವುದು ಪೂವಮ್ಮನ ಕ್ರಮ. ಗಂಡ ಸತ್ತ ಮೇಲೆ ಬೇಟೆಯ ಮನೆಗಳ ಲೆಕ್ಕದಲ್ಲಿ ತನ್ನ ಮನೆಯೂ ಒಂದು ಎನ್ನುವುದಕ್ಕೆ ಅವಳಿಗೆ ಉಳಿದದ್ದು ಇವೆರಡೇ: ಬರುವ ಹೆಗಲು, ಹೋಗುವ ತಟ್ಟೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಮೊದಲ ಕೆಡ್ಡಸ ಅದು. ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ದಿನಗಳು. ನೆಲ ಅಗೆಯುವಂತಿಲ್ಲ, ಹಸಿ ಕೊಯ್ಯುವಂತಿಲ್ಲ, ಒಣಗಿದ ಕಡ್ಡಿಯನ್ನೂ ಮುರಿಯುವಂತಿಲ್ಲ. ಗಂಡಸರು ಬೇಟೆಗೆ ಹೋಗಬೇಕು. ಪೂವಮ್ಮ ಮೊದಲೇ ಪೇರಳೆಯ ಸೌದೆ ಒಡೆಸಿ, ಬೆತ್ತ ಸೀಳಿ, ಅಟ್ಟ ಗುಡಿಸಿ ಸಿದ್ಧವಾಗಿದ್ದಳು. ಕುಕ್ಕಪ್ಪನ ಸಿದ್ಧತೆ ಬೇರೆ ಥರದ್ದು. ಚುನಾವಣೆ ಹತ್ತಿರ ಬಂದಿತ್ತು. ಪುತ್ತೂರಿಗೆ ಹೋದಾಗಲೆಲ್ಲ ಅವನು ಒಂದೊಂದು ಭಾಷಣ ಕೇಳಿಕೊಂಡು ಬರುತ್ತಿದ್ದ, ಜೀರ್ಣವಾಗದ್ದನ್ನು ಊರಲ್ಲಿ ಕಾರುತ್ತಿದ್ದ.

ಮಧ್ಯಾಹ್ನ ದಾಟುವಾಗ ಬೋಜಪ್ಪ ಕೋವಿ ಹಿಂದೆ ಕೊಡಲು ಬಂದ. ಬೇಟೆ ಮುಗಿದ ಕೂಡಲೇ ಕೋವಿ ಅದರ ಮನೆಗೆ ತಲುಪಬೇಕೆಂಬುದು ಪೂವಮ್ಮನ ಕಟ್ಟಪ್ಪಣೆ.

"ಬಿತ್ತಾ?"

"ಬಿತ್ತು ಅತ್ತಿಗೆ. ಭಾರಿ ಗಂಡುಹಂದಿ."

"ಎಲ್ಲಿಗೆ ತಾಗಿತು?"

"ಕಿವಿಯ ಹಿಂದೆ."

"ಹಾಗಾದ್ರೆ ಹೆಗಲಿಗೆ ಎಂತದೂ ಆಗ್ಲಿಲ್ಲ."

"ಹೆಗಲು ಸರಿ ಉಂಟು" ಎಂದ ಬೋಜಪ್ಪ, ಸರಿಯಿಲ್ಲದ್ದು ಬೇರೆ ಏನೋ ಇದೆ ಎನ್ನುವ ಸ್ವರದಲ್ಲಿ. ಕೋವಿಯನ್ನು ಕಂಬಕ್ಕೆ ಒರಗಿಸಿ, ಮುಖ ತೊಳೆದು, ಮತ್ತೊಮ್ಮೆ ತೊಳೆದ. "ಅತ್ತಿಗೆ, ಕುಕ್ಕಪ್ಪಣ್ಣ ಹೇಳ್ತಾರೆ, ಈಗ ಎಲ್ಲರಿಗೂ ಓಟು ಒಂದೊಂದೇ ಅಲ್ವಾ, ಹಾಗೆ ಪಾಲು ಕೂಡ ಇನ್ನು ಎಲ್ಲರಿಗೂ ಸಮ ಅಂತ. ಕೋವಿ ಪಾಲು ಅಂತ ಬೇರೆ ಇಲ್ವಂತೆ. ಹೆಗಲನ್ನು ಗುಪ್ಪೆಗೆ ಹಾಕಿದ್ದಾರೆ."

"ತಲೆ?"

"ತಲೆ ಉಂಟು. ಅದು ಹಿರಿಯರಿಗೆ ಮರ್ಯಾದೆ ಅಂತೆ."

"ನಿನ್ನ ತೊಡೆ?"

ಬೋಜಪ್ಪ ಅಂಗಳದ ಕಲ್ಲುಗಳನ್ನು ನೋಡಿದ. "ಅದೂ ಉಂಟು."

"ನಾಯಿಗಳದ್ದು?"

"ನಾಯಿಗೆ ಎಂತ ಮಾಡುದು ಅತ್ತಿಗೆ? ಅದಕ್ಕೆ ಓಟಿಲ್ಲ."

"ನಂಗೆ ಓಟುಂಟು" ಎಂದಳು ಪೂವಮ್ಮ. "ಹಾಗಾಗಿ ಪಾಲಿಲ್ಲ."

ಸಮಾನತೆ ಎಂಬುದು ಹಂದಿಯ ಹೆಗಲಿನವರೆಗೆ ಬಂದು ಅಲ್ಲೇ ಕೂತಿತ್ತು; ತಲೆಗೆ ಏರಿರಲಿಲ್ಲ. ಬೇಟೆಗೆ ಗಂಡಸು ಹೋದ ಮನೆಗೆ ಮಾತ್ರ ಗುಪ್ಪೆ. ಪೂವಮ್ಮನ ಮನೆಯಿಂದ ಹೋದದ್ದು ಕೋವಿ ಒಂದೇ. ಅದಕ್ಕೆ ಪಾಲಿಲ್ಲವೆಂದರೆ ಅವಳಿಗೆ ಒಂದು ಎಲುಬೂ ಇಲ್ಲ. ಈ ವರ್ಷ ಪಾಲು ತಪ್ಪುತ್ತದೆ. ಬರುವ ವರ್ಷ, ಪಾಲಿಲ್ಲದ ಮನೆಯಲ್ಲಿ ಕೋವಿಗೇನು ಕೆಲಸ ಎಂದು ಕೇಳುತ್ತಾರೆ. ಅದರ ಮರುವರ್ಷ ಕೋವಿ ಕುಕ್ಕಪ್ಪನ ಚಾವಡಿಯಲ್ಲಿ ನೇತಾಡುತ್ತದೆ. ಭಾಷಣದಲ್ಲಿ ಇಷ್ಟುದ್ದದ ಲೆಕ್ಕವಿದ್ದದ್ದು ಅವಳಿಗೆ ಒಲೆಯ ಮುಂದೆ ಹೋಗದೆಯೇ ಗೊತ್ತಾಯಿತು.

ಒಲೆಯ ಮುಂದೆ ಹೋಗಲಿಲ್ಲ ಅವಳು. ಸೆರಗು ಸಿಕ್ಕಿಸಿ, ಖಾಲಿ ಕೋವಿಯನ್ನು ಹೆಗಲಿಗೆ ಹಾಕಿ ಗುಡ್ಡ ಇಳಿದಳು. ಹಿಂದೆ ಬೋಜಪ್ಪ, "ಅತ್ತಿಗೆ, ಹೆಂಗಸರು ಅಲ್ಲಿಗೆ ಹೋಗುದಿಲ್ಲ, ಅತ್ತಿಗೆ" ಎನ್ನುತ್ತ.

ನಡೆಯುತ್ತ ಅವಳು ಮನಸ್ಸಿನಲ್ಲೇ ಅವರನ್ನು ತೂಗಿ ನೋಡಿದಳು. ಎಂಥಾ ಭಕ್ತರು ಇವರು. ಭೂಮಿತಾಯಿಗೆ ನೋವಾಗಬಾರದೆಂದು ನೆಲಕ್ಕೆ ಗುದ್ದಲಿ ತಾಗಿಸದವರು. ಹುಲ್ಲಿನ ಎಸಳು ಕಿತ್ತರೆ ಕೆನ್ನೆಗೆ ಹೊಡೆದುಕೊಳ್ಳುವವರು. ಕಣ್ಣಿಗೆ ಕಾಣದ ಹೆಣ್ಣಿಗೆ ಇಷ್ಟು ಮರ್ಯಾದೆ. ಕಣ್ಣೆದುರು ಇರುವ ಹೆಣ್ಣಿನ ಪಾಲಿಗೆ ಅದೇ ದಿನ ಕತ್ತಿ. ವೆಂಕಪ್ಪ ಸತ್ತಾಗ ಇದೇ ಗಂಡಸರು ತಾನು ಮುಂದೆ, ತಾನು ಮುಂದೆ ಎಂದು ಹೆಗಲು ಕೊಟ್ಟಿದ್ದರು. ಸತ್ತವನಿಗೆ ಕೊಡುವ ಹೆಗಲಿಗೆ ಬರಗಾಲವಿಲ್ಲ. ಬದುಕಿರುವವಳಿಗೆ ಒಂದು ಹಂದಿಯ ಹೆಗಲು ಕೊಡಲು ಇವರಿಗೆ ಕೈಬಾರದು.

ಕೊಯ್ಲಾದ ಗದ್ದೆಯಲ್ಲಿ, ಹಬ್ಬದ ಮುಂಚೆಯೇ ಕೊಯ್ದು ಬಾಡಿದ ಬಾಳೆಯೆಲೆಗಳ ಮೇಲೆ ಗುಪ್ಪೆಗಳು ಸಾಲಾಗಿ ಕೂತಿದ್ದವು. ಎಡಗಡೆಯ ಹೆಗಲು ಆಗಲೇ ಚೂರಾಗಿ ಎಲ್ಲ ಗುಪ್ಪೆಗಳಿಗೆ ಹಂಚಿಹೋಗಿತ್ತು. ಬಲಗಡೆಯದ್ದನ್ನು ಎರಡು ಮಾಡಿದ್ದರು: ಕುತ್ತಿಗೆಯ ಬುಡದ ಮುದ್ದೆ ಒಂದು ಗುಪ್ಪೆಯ ಮೇಲೆ, ಮೊಣಕಾಲಿನ ಕಡೆಯದ್ದು ಇನ್ನೊಂದರ ಮೇಲೆ. ತಲೆ ಮಾತ್ರ ಬೇರೆ ಎಲೆಯಲ್ಲಿ, ಪಕ್ಕದಲ್ಲಿ ಕುಕ್ಕಪ್ಪ. ಎರಡೂ ಒಂದೇ ಕಡೆ ನೋಡುತ್ತಿದ್ದವು. ಆಚೆ ಕುಕ್ಕಪ್ಪನ ನಾಯಿ ಕರಿಯ ತನ್ನ ಪಾಲನ್ನು ಆಗಲೇ ತಿಂದು ಬಾಯಿ ನೆಕ್ಕಿಕೊಳ್ಳುತ್ತಿತ್ತು.

"ಎಂತ ಪೂವಮ್ಮ, ಕೋವಿ ಹಿಡ್ಕೊಂಡು?" ಎಂದ ಕುಕ್ಕಪ್ಪ. "ಹಂದಿ ಸತ್ತಾಯ್ತು. ಇನ್ನು ಯಾರಿಗೆ?"

"ಇದು ಬೆಳಗ್ಗೆಯಿಂದ ದುಡಿದು ಬಂದದ್ದು ಭಾವ. ಪಾಲು ಮಾಡುದನ್ನು ಅದೂ ನೋಡ್ಲಿ." ಕೋವಿಯನ್ನು ಗದ್ದೆಯ ಅಂಚಿನ ಹುಣಿಗೆ ಒರಗಿಸಿದಳು.

"ಪಾಲಿನ ವಿಷಯ ಬೋಜಪ್ಪ ಹೇಳಿರ್ಬೇಕು. ಕಾಲ ಬದಲಾಗಿದೆ. ದೊಡ್ಡವ ಸಣ್ಣವ ಅಂತ ಇಲ್ಲ ಈಗ."

"ಹಾಗಾದ್ರೆ ಈ ವರ್ಷ ನಂಗೆ ಪಾಲಿಲ್ಲ."

"ಬೇಜಾರು ಮಾಡುದು ಬೇಡ. ಎಲ್ಲರ ಒಳ್ಳೇದಕ್ಕೆ."

"ಬೇಜಾರಿಲ್ಲ. ಪಾಲಿಲ್ಲ ಅಂತ ಎಲ್ಲರ ಎದುರು ಒಮ್ಮೆ ಹೇಳಿ, ಸಾಕು."

"ಇಲ್ಲ" ಎಂದ ಕುಕ್ಕಪ್ಪ, ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು.

ಪೂವಮ್ಮ ಮಾವಿನ ಮರದ ಕಡೆ ತಿರುಗಿದಳು. "ಬ್ಯಾರಿಗಳೇ, ತಿರುಗಿ ನಿಲ್ಲುದು ಪಾಲಿಲ್ಲದವರು ಅಲ್ವಾ?"

"ಹೌದು ಪೂವಕ್ಕ" ಎಂದರು ಸಾಹುಲ್ ಹಮೀದ್, ಕಾಡನ್ನೇ ನೋಡುತ್ತ. "ಅದಕ್ಕೇ ಅಲ್ವಾ ನಾನು?"

"ಈ ವರ್ಷ ನಾನು ನಿಲ್ತೇನೆ. ಊರಿನಲ್ಲೇ ಒಬ್ಬಳು ಪಾಲಿಲ್ಲದವಳು ಸಿಕ್ಕಿದ ಮೇಲೆ ನಿಮಗೆ ಯಾಕೆ ಕಷ್ಟ?"

ಸಾಹುಲ್ ಹಮೀದ್ ಊರಿದ ಕೊಡೆ ಎತ್ತಿಕೊಂಡು, ನೆರಳಿನಲ್ಲಿ ಜಾಗ ಬಿಟ್ಟು ಬದಿಗೆ ಸರಿದರು. "ನನ್ನ ಗಂಟಲೂ ಇವತ್ತು ಸರಿ ಇಲ್ಲ." ಪೂವಮ್ಮ ಆ ಜಾಗಕ್ಕೆ ಹೋಗಿ ಗುಪ್ಪೆಗಳಿಗೆ ಬೆನ್ನು ಹಾಕಿ ನಿಂತಳು.

ಹೆಂಗಸು ನಿಲ್ಲುವ ಕ್ರಮ ಇಲ್ಲವೆಂದು ಯಾರೋ ಗೊಣಗಿದರು. ದೊಡ್ಡವ ಸಣ್ಣವ ಇಲ್ಲವೆಂದು ಈಗಷ್ಟೇ ಹೇಳಿದ ಬಾಯಿಂದ ಗಂಡು ಹೆಣ್ಣು ಉಂಟು ಎಂದು ಹೇಳಲು ಕುಕ್ಕಪ್ಪನಿಗೆ ನಾಲಗೆ ಹೊರಳಲಿಲ್ಲ. ಬೇರೇನೂ ತೋಚದೆ ಅವನು ಮೊದಲನೆಯ ಗುಪ್ಪೆಗೆ ಕೋಲು ತಾಗಿಸಿದ.

"ಇದು ಯಾರಿಗೆ?"

"ಕೋವಿಗೆ."

ಗದ್ದೆಯಲ್ಲಿ ಒಂದು ನಗು ಎದ್ದಿತು. ಸರಿ, ಒಂದು ಗುಪ್ಪೆಯ ಆಸೆ ಅವಳಿಗೆ, ಹೋಗಲಿ ಎಂದು ಕುಕ್ಕಪ್ಪ ಎರಡನೆಯದಕ್ಕೆ ತಾಗಿಸಿದ.

"ಇದು?"

"ಕೋವಿಗೆ."

"ಪೂವಮ್ಮ, ತಮಾಷೆ ಸಾಕು. ಇದು ಯಾರಿಗೆ?"

"ಕೋವಿಗೆ."

ನಗು ನಿಂತಿತು. ಮುಂದಿನ ಗುಪ್ಪೆಯೂ ಕೋವಿಗೆ ಹೋಯಿತು, ಅದರ ಮುಂದಿನದೂ ಹೋಯಿತು. ಹೋದಹಾಗೆಲ್ಲ ಒಂದೊಂದು ಮನೆಯವನ ಮುಖ ಆ ಬಾಡಿದ ಎಲೆಯ ಬಣ್ಣಕ್ಕೆ ತಿರುಗಿತು. ಕುಕ್ಕಪ್ಪ ಕೋಲು ನೆಲಕ್ಕೆ ಊರಿದ. ಕೆಡ್ಡಸದಲ್ಲಿ ನೆಲಕ್ಕೆ ಚುಚ್ಚಬಾರದೆಂದು ನೆನಪಾಗಿ ಎತ್ತಿಕೊಂಡ.

"ಎಲ್ಲವೂ ಕೋವಿಗೆ ಅಂದ್ರೆ ಆಗ್ತದಾ?"

"ಎಲ್ಲವೂ ಕೋವಿಯಿಂದಲೇ ಆದದ್ದಲ್ವಾ ಭಾವ?" ಕಾಡಿನ ಕಡೆಗೇ ಮುಖ ಮಾಡಿ ಅವಳು ಹೇಳಿದಳು. "ನಿಮ್ಮ ಭಾಷಣಕ್ಕೆ ಹೆದರಿ ಹಂದಿ ಬಿದ್ದದ್ದಾ?"

"ಇದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಶುರು ಮಾಡುವ."

"ಅದು ಹೇಗೆ ಕುಕ್ಕಪ್ಪಣ್ಣ?" ಎಂದರು ಸಾಹುಲ್ ಹಮೀದ್. ಗಂಟಲು ಸರಿಯಾದ ಹಾಗಿತ್ತು. "ತಿರುಗಿ ನಿಂತವರ ಬಾಯಿಗೆ ತಿದ್ದುಪಡಿ ಇಲ್ಲ ಅಂತ ನೀವೇ ಹೇಳಿದ್ದು. ನಾನು ಇಲ್ಲಿಯೇ ನಿಂತಿದ್ದೆ. ನೋಡ್ಲಿಲ್ಲ, ಆದ್ರೆ ಕೇಳಿದ್ದೇನೆ."

ಎಲುಬಿನ ಪಾಲು ಉಂಡವನು ಹಿಂದಿನಿಂದ ಹೌದು ಹೌದು ಎಂದ. ಬಿಸಿಲು ಕಾಯುತ್ತಿತ್ತು, ನೊಣ ಕೂರತೊಡಗಿತ್ತು. ಪೂವಮ್ಮನಿಗೆ ಅನ್ಯಾಯವಾಗಿದೆಯೆಂದು ಬೆಳಗ್ಗೆಯಿಂದ ಒಬ್ಬನಿಗೂ ಅನ್ನಿಸಿರಲಿಲ್ಲ; ತಂತಮ್ಮ ಗುಪ್ಪೆ ಹೋದ ಕೂಡಲೇ ಎಲ್ಲರಿಗೂ ಒಟ್ಟಿಗೆ ಅನ್ನಿಸಿತು. ಅವರ ನ್ಯಾಯದ ಕಣ್ಣು ಇದ್ದದ್ದು ಹೊಟ್ಟೆಯಲ್ಲಿ. "ಹಿಂದಿನ ಕ್ರಮವೇ ಒಳ್ಳೇದಿತ್ತು ಮಾರಾಯ್ರೆ", "ಕೋವಿ ಪಾಲು ನಿಲ್ಲಿಸ್ಲಿಕ್ಕೆ ನಮ್ಮನ್ನು ಯಾರು ಕೇಳಿದ್ದು?" ಎಂದು ಒಬ್ಬೊಬ್ಬರೇ ಕುಕ್ಕಪ್ಪನಿಗೆ ತಿರುಗಿದರು. ಓಟು ಹಾಕಿದ್ದರೆ ಅವನಿಗೆ ಬೀಳುವುದು ಅವನದೊಂದೇ ಆಗಿತ್ತು.

"ಆಯ್ತು, ಆಯ್ತು" ಎಂದ ಕುಕ್ಕಪ್ಪ. "ಒಂದು ತುಂಡು ತಕ್ಕೊಂಡು ಹೋಗು. ಮೇಲಿನದ್ದು ಬೇಕಾ, ಕೆಳಗಿನದ್ದು ಬೇಕಾ?"

ಪೂವಮ್ಮ ಈಗ ತಿರುಗಿದಳು. ಗುಪ್ಪೆಗಳ ಮುಂದೆ ಬಂದು ಕೂತು, ಕುತ್ತಿಗೆಯ ಬುಡದ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದಳು; ಬೆರಳು ಇಳಿದು ನಿಧಾನವಾಗಿ ಮೇಲೆ ಬಂತು. ಕೊಯ್ದ ಬದಿಯಲ್ಲಿ ನೆಣದ ಬಿಳಿ ಗೆರೆಗಳು ತೋಡಿನ ನೀರಿನ ಹಾಗೆ ಕವಲೊಡೆದು ಹರಿದಿದ್ದವು. ಇಂಥ ಹೆಗಲು ಇತ್ತೀಚಿನ ಯಾವ ಬೇಟೆಯಲ್ಲೂ ಬಂದಿರಲಿಲ್ಲ. ಕೈ ಅದರ ಮೇಲೇ ನಿಂತಿತು. ಇದು ಎಂದು ಹೇಳಿದರೆ ಮುಗಿಯಿತು. ಹೊತ್ತು ಇಳಿಯುವ ಮುಂಚೆ ಅಟ್ಟದಲ್ಲಿ ತೂಗುತ್ತದೆ.

ಆದರೆ ಎರಡರಲ್ಲಿ ಒಂದನ್ನು ಆರಿಸಿದರೆ, ತನ್ನ ಪಾಲು ಅರ್ಧವೆಂದು ತಾನೇ ಒಪ್ಪಿದ ಹಾಗೆ. ಅವಳು ಕೈ ಹಿಂದೆ ತೆಗೆದಳು.

"ಆರಿಸುದು ಆಮೇಲೆ ಭಾವ. ಮೊದಲು ಎರಡನ್ನೂ ಒಂದು ಎಲೆಗೆ ಹಾಕಿ."

"ಎರಡೂ ಬೇಕಾ ನಿಂಗೆ?"

"ನಂಗಲ್ಲ, ಕೋವಿಗೆ. ಮುಂಗಾಲು ಅಂದ್ರೆ ಹೆಗಲಿನಿಂದ ಗೊರಸಿನವರೆಗೆ. ನಿಮಗೆ ಕೊಟ್ಟ ತಲೆಯಲ್ಲಿ ಒಂದೇ ಕಿವಿ ಇಟ್ಟಿದ್ದಾರಾ?"

ಕುಕ್ಕಪ್ಪ ಸುತ್ತ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಲ್ಲರ ಕಣ್ಣೂ ಗುಪ್ಪೆಗಳ ಮೇಲಿತ್ತು. ಎರಡು ತುಂಡನ್ನೂ ತನ್ನ ಕೈಯಾರೆ ಎತ್ತಿ ಒಂದು ಎಲೆಗೆ ಹಾಕಿದ.

"ಇನ್ನು ಬಾಯಿಬಿಟ್ಟು ಹೇಳಿ. ಪಾಲಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ರಲ್ಲ, ಹಾಗೆಯೇ."

"ಇದು ಕೋವಿ ಪಾಲು" ಎಂದ ಕುಕ್ಕಪ್ಪ.

"ಬರುವ ವರ್ಷ?"

"ಬರುವ ವರ್ಷವೂ" ಎಂದದ್ದು ಬೋಜಪ್ಪ. ಅಷ್ಟು ಹೊತ್ತು ತನ್ನ ಪಾಲಿನ ತೊಡೆಯ ಹಿಂದೆ ಅಡಗಿದ್ದವನು, ತಡವಾಗಿಯಾದರೂ ಬಾಯಿ ಬಿಟ್ಟ. ಪೂವಮ್ಮ ಅವನ ಕಡೆ ನೋಡಲೂ ಇಲ್ಲ.

ಆಮೇಲೆ ಅವಳು ಆರಿಸಿದಳು. ಕುತ್ತಿಗೆಯ ಬುಡದ್ದನ್ನು ಎಲೆಯಲ್ಲಿ ಸುತ್ತಿಕೊಂಡಳು. ಮೊಣಕಾಲಿನ ಕಡೆಯದ್ದನ್ನು ಹಾಗೆಯೇ ಬಿಟ್ಟು ಎದ್ದಳು.

"ಇದು ನನ್ನ ಲೆಕ್ಕದಿಂದ ಗುಪ್ಪೆಗೆ ಹೋಗ್ಲಿ. ಉಳಿದದ್ದನ್ನೆಲ್ಲ ಕೋವಿ ಬಿಟ್ಟುಕೊಟ್ಟಿದೆ. ಇನ್ನು ನಂಗೆ ಪಾಲುಂಟು, ತಿರುಗಿ ನಿಲ್ಲುವ ಹಾಗಿಲ್ಲ. ಬ್ಯಾರಿಗಳೇ, ಗಂಟಲು ಹೇಗುಂಟು?"

"ಈಗ ಅಡ್ಡಿಯಿಲ್ಲ ಪೂವಕ್ಕ."

ಸಾಹುಲ್ ಹಮೀದ್ ಮತ್ತೆ ಕೊಡೆ ಊರಿ ಕಾಡಿಗೆ ಮುಖ ಮಾಡಿದರು. ಮೊಣಕಾಲು ಕೂತಿದ್ದ ಗುಪ್ಪೆಗೆ ಕೋಲು ತಾಗಿದಾಗ, ಏನೂ ಕಾಣದ ಆ ಮನುಷ್ಯ, "ಅದು ಕುಕ್ಕಪ್ಪಣ್ಣನಿಗೆ" ಎಂದರು. ದೇವರ ಬಾಯಿ, ತಿದ್ದುಪಡಿ ಇಲ್ಲ.

ಆ ಸಂಜೆ ಪೂವಮ್ಮ ಪೇರಳೆಯ ಸೌದೆ ಹೂಡಿ ಹೆಗಲನ್ನು ಅಟ್ಟಕ್ಕೆ ಕಟ್ಟಿದಳು. ಅದಕ್ಕೆ ಬೆಂಕಿ ಕಡಿಮೆ ಇರಬೇಕು, ಹೊಗೆ ನಿಲ್ಲಬಾರದು. ಅವಳ ಸಿಟ್ಟೂ ಭಗ್ಗೆಂದು ಉರಿದು ಆರುವ ಜಾತಿಯದ್ದಲ್ಲ. ಸುಗ್ಗಿ ದಾಟಿ, ಬಿಸು ದಾಟಿ, ಮಳೆಯ ಹೊಸ್ತಿಲಿನ ಪತ್ತನಾಜೆ ದಾಟಿ ಅದು ಮಾಂಸದ ಜತೆ ಕೆಡದೆ ಇತ್ತು.

ಆಟಿಯಲ್ಲಿ ಎಳೆ ಬಿಡಿಸಿ ಹುರಿದು ಮನೆಮನೆಗೆ ತಟ್ಟೆ ಕಳಿಸಿದಳು. ಕುಕ್ಕಪ್ಪನ ಮನೆಗೂ ಕಳಿಸಿದಳು, ಬೇರೆ ಮನೆಗಳಿಗೆ ಹೋದಷ್ಟೇ, ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕ್ರಮ ತಪ್ಪಿಸುವ ಕಸುಬು ತನ್ನದಲ್ಲ ಎಂದು ಅವರಿಗೆ ತಿಳಿಯಬೇಕಿತ್ತು.

ಮರುದಿನ ಕುಕ್ಕಪ್ಪನ ಹೆಂಡತಿ ಶೀಲಾವತಿ ತೊಳೆದ ತಟ್ಟೆ ಹಿಂದೆ ಕೊಡಲು ಬಂದಳು. ಚಾವಡಿಯಲ್ಲಿ ಕೂತು, ಸ್ವಲ್ಪ ಎಲೆಅಡಿಕೆ ಹಾಕಿ, ಹೇಳಲೋ ಬೇಡವೋ ಎಂದು ನೋಡಿ, "ಭಾರಿ ಲಾಯ್ಕ ಆಗಿದೆ ಅಂತ ನಮ್ಮವರು ಹೇಳ್ತಿದ್ರು" ಎಂದಳು.

ಪೂವಮ್ಮ ಗೋಡೆಯ ಕಡೆ ಕೈ ತೋರಿಸಿದಳು. ಗಟ್ಟಿ ಆಣಿಯ ಮೇಲೆ ಕೋವಿ, ಎಣ್ಣೆ ಹಚ್ಚಿಸಿಕೊಂಡು ತಣ್ಣಗೆ ತೂಗುತ್ತಿತ್ತು.

"ನಂಗೆ ಯಾಕೆ ಹೇಳುದು? ಅಲ್ಲಿ ಉಂಟಲ್ಲ. ಬಂದು ಅದಕ್ಕೇ ಹೇಳ್ಲಿ."